ಕಪಿಲೆಯ ಒಂದೇ ಪ್ರತಿ

ಯಲಹಂಕದ ಸಂತೆಬೀದಿಗೆ ಬಂದು ಮುನಿಕೃಷ್ಣಮ್ಮನ ಮನೆ ಯಾವುದು ಅಂತ ಕೇಳಿದರೆ, ಅರವತ್ತೈದು ಅರವತ್ತಾರನೇ ಇಸವಿಯ ಹೊತ್ತಿಗೆ, ಜನ ಎರಡು ಥರ ಉತ್ತರ ಕೊಡುತ್ತಿದ್ದರು. ಅಂಗಡಿಯವರು, ‘ಯಾರು, ಚೀಲ ಅಂಟಿಸೋ ಮುನಿಕೃಷ್ಣಮ್ಮನಾ?’ ಅನ್ನುತ್ತಿದ್ದರು. ಹೆಬ್ಬಾಳ, ಯಶವಂತಪುರದ ಕಡೆಯಿಂದ ಸೈಕಲ್ ತುಳಿದು ಬೆವರಿಳಿಸಿಕೊಂಡು ಬಂದವರು, ‘ಪತ್ರಿಕೆ ಅಮ್ಮ ಅಂತಾರಲ್ಲ, ಅವರ ಮನೆ’ ಅನ್ನುತ್ತಿದ್ದರು. ಎರಡೂ ಒಂದೇ ಮನೆ. ಹೆಂಚಿನ ಮಾಡು, ಸಗಣಿ ಸಾರಿಸಿದ ಜಗುಲಿ, ಒಳಗೆ ಮೂಲೆಯಲ್ಲಿ ಒಂದು ತಗಡಿನ ಟ್ರಂಕು.

ಆ ಟ್ರಂಕಿನಲ್ಲಿ ಏನಿತ್ತು ಅಂತೀರಿ? ಯಾವ ಅಂಗಡಿಯಲ್ಲೂ ಮಾರದ, ಯಾವ ಲೈಬ್ರರಿಯಲ್ಲೂ ಸಿಗದ ಓದು. ಕೈಯಲ್ಲೇ ಬರೆದು ದಾರದಲ್ಲಿ ಹೊಲಿದ ಮಾಸಪತ್ರಿಕೆಗಳು. ಸೈಕ್ಲೋಸ್ಟೈಲ್ ಮಾಡಿ ಇಪ್ಪತ್ತು ಮೂವತ್ತು ಜನಕ್ಕೆ ಹಂಚಿದ ಕವಿತೆಯ ಹಾಳೆಗಳು. ಕಾಲಲ್ಲಿ ತುಳಿಯುವ ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾಗಿ, ಮೂರನೇ ಸಂಚಿಕೆಗೆ ಉಸಿರು ಬಿಟ್ಟ ಎಂಟು ಪುಟದ ಪತ್ರಿಕೆ. ಯಶವಂತಪುರದ ಕೂಲಿಕಾರರೊಬ್ಬರು ಒಬ್ಬರೇ ಬರೆದು, ಒಬ್ಬರೇ ಚಿತ್ರ ಹಾಕಿ, ತಮಗೆ ತಾವೇ ‘ವಾಚಕರ ಪತ್ರ’ವನ್ನೂ ಬರೆದುಕೊಂಡಿದ್ದ ಒಂದು ಪುಸ್ತಕ. ದಪ್ಪ ದಪ್ಪ ಪುಸ್ತಕಗಳಿಗೆ ಚರ್ಮದ ಬೈಂಡು ಹಾಕಿಸಿ, ಗಾಜಿನ ಬೀರುವಿನಲ್ಲಿಟ್ಟು, ಬೀಗದ ಕೈ ಎಲ್ಲಿಟ್ಟೆವೆಂಬುದನ್ನೇ ಮರೆತ ಮಹನೀಯರು ಊರಿಗೊಬ್ಬರು ಸಿಗುತ್ತಾರೆ. ಅವರ ಮಾತು ಬಿಡಿ. ಈ ಹೆಂಗಸು ಆ ಟ್ರಂಕಿನ ಒಂದೊಂದು ಹಾಳೆಯನ್ನೂ ಓದಿದ್ದಳು. ಓದಿದ್ದಷ್ಟೇ ಅಲ್ಲ, ಅದರಲ್ಲಿ ‘ಕಪಿಲೆ’ ಎಂಬ ಪತ್ರಿಕೆಯ ಸಂಚಿಕೆಗಳನ್ನು ತಿಂಗಳು ತಿಂಗಳು ಹೊಲಿದು ಕೊಡುತ್ತಿದ್ದವಳೂ ಅವಳೇ.

ಹಾಗಂತ ಅವಳೇನು ಓದಿ ಉದ್ಧಾರವಾದ ಮನೆಯವಳಲ್ಲ. ನಾಲ್ಕನೇ ಕ್ಲಾಸಿಗೇ ಇಸ್ಕೂಲು ಬಿಡಿಸಿದ್ದರು. ಗಂಡ ಚಿಕ್ಕಮಾರಯ್ಯ ಕೆರೆ ಹಿಂದಿನ ತೋಟದಲ್ಲಿ ಸೊಪ್ಪು, ಹುರುಳಿಕಾಯಿ ಬೆಳೆದು ಸಂತೆಗೆ ಹಾಕುತ್ತಿದ್ದ. ಅವಳು ಮನೆಯಲ್ಲಿ ಕೂತು ಹಳೇ ಪೇಪರಿನಿಂದ ಅಂಗಡಿಗಳಿಗೆ ಚೀಲ ಅಂಟಿಸುತ್ತಿದ್ದಳು. ಮೈದಾ ಹಿಟ್ಟಿನ ಅಂಟು ಕಾಸಿ, ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಬೆರೆಸಿ, ಮಡಿಸಿ, ಸವರಿ, ಒತ್ತಿ, ಬಿಸಿಲಿಗೆ ಹರಡಿದರೆ ಮುಗಿಯಿತು. ಪಕ್ಕದ ಬೀದಿಯ ಅಕ್ಬರಿಯ ಗಂಡ ತಳ್ಳುಗಾಡಿಯಲ್ಲಿ ಊರೂರು ಸುತ್ತಿ ರದ್ದಿ ತರುತ್ತಿದ್ದ. ಅಕ್ಬರಿ ಅದನ್ನು ವಿಂಗಡಿಸಿ ಕಟ್ಟು ಕಟ್ಟಿ ಕೊಡುತ್ತಿದ್ದಳು.

ಮುನಿಕೃಷ್ಣಮ್ಮ ಹಾಳೆಯನ್ನು ಮಡಿಸುವ ಮುಂಚೆ ಒಂದು ಸಲ ಓದುತ್ತಿದ್ದಳು. ಅದೊಂದು ಚಟ. ವಿಚಿತ್ರವಾದ ಓದು ಅದು. ಕಥೆಯ ನಡುವಿನ ತುಂಡು ಸಿಗುತ್ತಿತ್ತು, ತಲೆ ಸಿಗುತ್ತಿರಲಿಲ್ಲ. ತಲೆ ಸಿಕ್ಕರೆ ಬಾಲ ಇನ್ಯಾವುದೋ ಊರಿನ ಅಂಗಡಿಯಲ್ಲಿ ಕಡಲೆ ಕಟ್ಟುತ್ತಿತ್ತು. ಒಂದು ಧಾರಾವಾಹಿಯಲ್ಲಿ ಜಮೀನುದಾರನನ್ನು ಕೊಂದವರು ಯಾರೆಂದು ಅವಳಿಗೆ ಆರು ವರ್ಷವಾದರೂ ತಿಳಿದಿರಲಿಲ್ಲ. ತಮ್ಮನೇ ಕೊಂದಿರಬೇಕು ಅಂತ ಅವಳ ಗುಮಾನಿ. ‘ನೋಡು, ಅವ್ನ ಕಣ್ಣು ಸರಿ ಇರ್ಲಿಲ್ಲ ಅಂತ ಬರ್ದಿದ್ರು’ ಎಂದು ಚಿಕ್ಕಮಾರಯ್ಯನಿಗೆ ಮುದ್ದೆ ಬಡಿಸುತ್ತಾ ಹೇಳುವಳು. ಅವನು ‘ಪೋಲೀಸ್ರು ನೋಡ್ಕೋತಾರೆ, ಸಾರು ಬಿಡು’ ಅನ್ನುವನು.

ಆದರೆ ಅವಳು ಓದುತ್ತಿದ್ದದ್ದು ಅಚ್ಚಾದದ್ದನ್ನು ಮಾತ್ರ. ಕೈಬರಹದ ಹಾಳೆ ಬಂದರೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ, ಯುಗಾದಿಯ ಆಸುಪಾಸಿನಲ್ಲಿ, ಮಕ್ಕಳ ನೋಟ್‌ಬುಕ್ಕುಗಳು ರಾಶಿ ರಾಶಿ ಬರುತ್ತಿದ್ದವು. ಮಗ್ಗಿ, ಕೂಡುವ ಲೆಕ್ಕ, ‘ಹಸು ಸಾಧು ಪ್ರಾಣಿ’. ಅದರಲ್ಲಿ ಓದುವುದೇನು, ಮಣ್ಣು! ಅಲ್ಲದೆ ಕೈಬರಹದ ಕಾಗದಕ್ಕೆ ಅಂಗಡಿಯವರಲ್ಲಿ ಬಲು ಬೇಡಿಕೆ. ಅಚ್ಚಿನ ಮಸಿ ಬೆಲ್ಲಕ್ಕೂ ಪುರಿಗೂ ಮೆತ್ತಿಕೊಳ್ಳುತ್ತದೆ, ಪೆನ್ನಿನ ಮಸಿ ಅಷ್ಟಾಗಿ ಮೆತ್ತುವುದಿಲ್ಲ. ಹಾಗಾಗಿ ಕೈಬರಹದ್ದು ಬಂದರೆ ಮೊದಲು ಹರಿಯುವುದು ಅದನ್ನೇ, ಕಣ್ಣು ಮುಚ್ಚಿಕೊಂಡು.

ಐವತ್ತೊಂಬತ್ತನೇ ಇಸವಿಯ ಯುಗಾದಿ ಕಳೆದ ವಾರ ಆದದ್ದೂ ಅದೇ. ಅಕ್ಬರಿ ಕಟ್ಟು ತಂದು ಜಗುಲಿಯ ಮೇಲೆ ಹಾಕಿ, ‘ಅಕ್ಕಾ, ಈ ಸಲ ಎಲ್ಲಾ ಕೈಬರಹದ್ದೇ ಬಂದಿದೆ ನೋಡಿ, ನಿಮ್ ಅದೃಷ್ಟ’ ಅಂದು ಹೋದಳು. ಅದರಲ್ಲೊಂದು, ಪಕ್ಕಕ್ಕೆ ದಾರ ಹಾಕಿ ಹೊಲಿದಿದ್ದ ದೊಡ್ಡ ಹಾಳೆಗಳ ಪುಸ್ತಕ. ರಟ್ಟು ಇರಲಿಲ್ಲ. ಒಳ್ಳೇ ದಪ್ಪ ಕಾಗದ. ಮುನಿಕೃಷ್ಣಮ್ಮ ಖುಷಿಯಾಗಿ ಕುಡುಗೋಲಿನ ತುದಿಯಿಂದ ದಾರ ಕತ್ತರಿಸಿದಳು. ಹಾಳೆಗಳು ಜಗುಲಿಯ ತುಂಬ ಚೆಲ್ಲಾಡಿದವು. ಕೈಗೆ ಸಿಕ್ಕಿದ್ದನ್ನು ಸಿಕ್ಕಂತೆ ಮಡಿಸಿ ಹತ್ತೊಂಬತ್ತು ಚೀಲ ಮಾಡಿದಳು. ಮಾರನೇ ಬೆಳಿಗ್ಗೆ ಬೇರೆ ಚೀಲಗಳ ಜೊತೆ ಅವನ್ನೂ ಪುರಿ ಬೆಲ್ಲದ ಅಂಗಡಿ ಲಕ್ಕಣ್ಣನಿಗೆ ಕೊಟ್ಟು ಬಂದಳು.

ಬಂದು, ಮನೆಗೆಲಸ ಮುಗಿಸಿ, ಉಳಿದ ಹಾಳೆ ಕೈಗೆ ತಗೊಂಡು ಮಡಿಸಬೇಕು, ಅಷ್ಟರಲ್ಲಿ ಒಂದು ಮಾತು ಕಣ್ಣಿಗೆ ಬಿತ್ತು. ‘ಕೋಗಿಲು ಕಳೆಯಿತು, ಅವಳ ಸಿಟ್ಟು ಕಳೆಯಲಿಲ್ಲ.’

ಕೋಗಿಲು! ಯಲಹಂಕದಿಂದ ಕೂಗಳತೆ ದೂರದ ಕೋಗಿಲು! ಅದುವರೆಗೆ ಅವಳು ಓದಿದ ಕಥೆಗಳೆಲ್ಲ ಯಾವುದೋ ಬಂಗಲೆಯಲ್ಲಿ, ಯಾವುದೋ ರೋಹಿಣಿಗೋ ರಮೇಶನಿಗೋ ಆಗುತ್ತಿದ್ದವು. ಕೋಗಿಲು ಎಂಬ ಹೆಸರು ಕಾಗದದ ಮೇಲೆ ಇರಬಹುದು ಅಂತ ಅವಳಿಗೆ ಕನಸಲ್ಲೂ ಹೊಳೆದಿರಲಿಲ್ಲ. ಮಡಿಸುವುದನ್ನು ಬಿಟ್ಟು ಓದಿದಳು.

ಕಥೆಯ ಹೆಸರು ‘ಹತ್ತು ಮಾರು ಹಿಂದೆ’. ಗಂಡನೊಬ್ಬ ಯಲಹಂಕದ ಸಂತೆಯಲ್ಲಿ, ಹೆಂಡತಿ ತವರಿಂದ ತಂದಿದ್ದ ಹೇಟೆ ಕೋಳಿಯನ್ನು ಅವಳನ್ನು ಕೇಳದೆ ಮಾರಿಬಿಡುತ್ತಾನೆ. ಅವಳಿಗೆ ಉರಿದು ಹೋಗುತ್ತದೆ. ಸಂತೆಯ ನಡುವೆಯೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾಗಲೂರಿನ ತವರಿಗೆ ಕಾಲ್ನಡಿಗೆಯಲ್ಲಿ ಹೊರಟುಬಿಡುತ್ತಾಳೆ. ಕರೆಯುವ ಧೈರ್ಯ ಗಂಡನಿಗಿಲ್ಲ, ಬಿಟ್ಟು ಹೋಗುವ ಮನಸ್ಸೂ ಇಲ್ಲ. ಹತ್ತು ಮಾರು ಹಿಂದೆ, ತುಟಿ ಪಿಟಕ್ಕೆನ್ನದೆ, ಏಳೆಂಟು ಮೈಲಿಯೂ ನಡೆಯುತ್ತಾನೆ. ಅವಳು ನಿಂತರೆ ಅವನೂ ನಿಲ್ಲುತ್ತಾನೆ. ಕಟ್ಟಿಗೇನಹಳ್ಳಿಯ ಹತ್ತಿರ ಅವಳು ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು ಕೂತರೆ, ಇವನು ತನ್ನ ಕಾಲಿಗೂ ಚುಚ್ಚಿದ ಹಾಗೆ ಕೂರುತ್ತಾನೆ. ಮಾತುಗಳೆಲ್ಲ ಮನೆಯಲ್ಲಿ ಆಡುವ ಮಾತೇ. ‘ಓಗ್ಲಿ ಬಿಡು’, ‘ಅಂಗಂದ್ರೆ ಎಂಗೆ’. ಕಥೆಯ ತಲೆಯಲ್ಲಿ ‘ನರಸಯ್ಯ, ಗ್ಯಾಂಗ್‌ಮನ್, ಸಿಂಗಾಪುರ’ ಅಂತ ಬರೆದವನ ಹೆಸರಿತ್ತು. ರೈಲು ಹಳಿಯ ಕೆಲಸದವನು, ಊರು ಯಲಹಂಕದ ಪಕ್ಕದ ಸಿಂಗಾಪುರ. ಇಬ್ಬರೂ ತವರಿನ ಬಾಗಿಲಿಗೆ ಬರುತ್ತಾರೆ, ತಾಯಿ ಹೊರಗೆ ಬಂದು ‘ಯಾರೇ ಅದು ನಿನ್ನಿಂದೆ?’ ಎಂದು ಕೇಳುತ್ತಾಳೆ. ಅಲ್ಲಿಗೆ ಹಾಳೆ ಮುಗಿಯಿತು.

ಮುನಿಕೃಷ್ಣಮ್ಮ ಉಳಿದ ಹಾಳೆಗಳನ್ನೆಲ್ಲ ತಡಕಾಡಿದಳು. ಕಥೆಯ ನಡುವಿನ ಒಂದು ಹಾಳೆಯೂ ಇಲ್ಲ, ಕೊನೆಯೂ ಇಲ್ಲ. ಸಿಕ್ಕಿದ್ದು ಪುಸ್ತಕದ ಕೊನೆಯ ಹಾಳೆ. ಅದರಲ್ಲಿ ಕೆಂಪು ಮಸಿಯಲ್ಲಿ ಬರೆದಿತ್ತು. ‘ಕಪಿಲೆ. ಕೈಬರಹದ ಮಾಸಪತ್ರಿಕೆ. ಬರೆದವರು ಅವರವರ ಕೈಯಲ್ಲೇ ಬರೆದದ್ದು. ಇರುವುದು ಇದೊಂದೇ ಪ್ರತಿ. ದಯವಿಟ್ಟು ಜೋಪಾನ. ಓದಿ ಮುಂದಿನ ಮನೆಗೆ ಕೊಡಿ, ನಿಮ್ಮ ಅಭಿಪ್ರಾಯವನ್ನು ಈ ಹಾಳೆಯ ಹಿಂದೆ ಬರೆಯಿರಿ. ಸಂಪಾದಕ: ಚನ್ನಕೇಶವ, ಗುಮಾಸ್ತ, ಹೆಬ್ಬಾಳ ಫಾರಂ.’

ಒಂದೇ ಪ್ರತಿ. ಅಚ್ಚಿನದಾದರೆ ಒಂದು ಹರಿದರೆ ಇನ್ನೊಂದು ಎಲ್ಲೋ ಇರುತ್ತದೆ. ಇದು ಹೋದರೆ ಹೋಯಿತು. ಇನ್ನೊಬ್ಬಳಾಗಿದ್ದರೆ, ರದ್ದಿಗೆ ಹಾಕಿದವರು ಯಾರೋ, ಹರಿದವಳು ನಾನು, ನನಗೇನು ಕನಸು ಬಿದ್ದಿತ್ತಾ ಅಂದುಕೊಂಡು ಕೈ ತೊಳೆದುಕೊಳ್ಳುತ್ತಿದ್ದಳು. ಮುನಿಕೃಷ್ಣಮ್ಮ ಅಂಟಿನ ಕೈಯನ್ನೂ ತೊಳೆಯಲಿಲ್ಲ. ಹಾಗೇ ಎದ್ದು ಲಕ್ಕಣ್ಣನ ಅಂಗಡಿಗೆ ಓಡಿದಳು.

‘ಲಕ್ಕಣ್ಣಾ, ಬೆಳಿಗ್ಗೆ ಕೊಟ್ನಲ್ಲ, ಕೈಬರದ ಚೀಲ, ಅವ್ನೆಲ್ಲಾ ವಾಪಸ್ ಕೊಡು.’

ಲಕ್ಕಣ್ಣ ತಕ್ಕಡಿ ಹಿಡಿದುಕೊಂಡೇ ಅವಳ ಮುಖ ನೋಡಿದ. ‘ಏನಮ್ಮ, ತಲೆಗಿಲೆ ಕೆಟ್ಟದಾ? ಕೊಟ್ಟ ಚೀಲ ವಾಪಸ್ ತಗೊಂಡೋಗೋದ ಎಲ್ಲಾದ್ರೂ ನೋಡಿದೀಯಾ?’

‘ಒಂದಕ್ಕೆರಡು ಅಚ್ಚಿಂದು ಕೊಡ್ತೀನಿ. ಅದು ಚೀಲ ಅಲ್ಲ ಕಣಣ್ಣ, ಪತ್ರಿಕೆ. ಲೋಕಕ್ಕೆಲ್ಲಾ ಒಂದೇ ಇರೋದು.’

‘ಲೋಕಕ್ಕೆಲ್ಲಾ ಒಂದಿರೋದ್ರಲ್ಲಿ ನಾನು ಬೆಲ್ಲ ಕಟ್ಬುಟ್ಟೆ ಅನ್ನು!’ ಅವನು ನಕ್ಕ. ಆದರೆ ಒಳ್ಳೆಯ ಮನುಷ್ಯ. ಗಲ್ಲಾದ ಕೆಳಗಿದ್ದ ಎಂಟು ಚೀಲ ತೆಗೆದು ಕೊಟ್ಟ. ಉಳಿದ ಹನ್ನೊಂದು ಯಾರ್ಯಾರ ಮನೆಗೆ ಹೋದವು ಎಂದು ನೆನಪು ಮಾಡಿಕೊಂಡು ಬೆರಳು ಮಡಿಸಿ ಹೇಳಿದ. ಸಣ್ಣ ಊರಿನ ಅಂಗಡಿಯವನಿಗೆ ಯಾರು ಏನು ತಿಂದರು ಅನ್ನುವುದು ಅವರ ಹೆಂಡಿರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಆ ಮಧ್ಯಾಹ್ನ, ಮಾರನೇ ದಿನ, ಮೂರನೇ ದಿನ ಮುನಿಕೃಷ್ಣಮ್ಮ ಮನೆ ಮನೆ ಬಾಗಿಲು ತಟ್ಟಿದಳು. ಕೆಲವರು ನಕ್ಕರು. ಒಬ್ಬಳು ‘ಬೆಲ್ಲ ತಂದಿದ್ದು ನಿಜ, ಚೀಲ ಯಾಕೆ ಬೇಕು, ಮಾಟ ಮಾಡಿಸ್ತೀಯಾ?’ ಅಂತ ಜಗಳಕ್ಕೇ ನಿಂತಳು. ಆದರೆ ಮೂರು ನಾಲ್ಕು ಮನೆಗಳಲ್ಲಿ ನಡೆದದ್ದು ನೋಡಿ ಮುನಿಕೃಷ್ಣಮ್ಮನಿಗೇ ಆಶ್ಚರ್ಯವಾಯಿತು. ಅಲ್ಲಿ ಚೀಲವನ್ನು ಎಸೆದಿರಲಿಲ್ಲ, ಗೂಟಕ್ಕೆ ಸಿಕ್ಕಿಸಿಟ್ಟಿದ್ದರು. ಪುರಿ ತಿನ್ನುತ್ತಾ ಯಾರೋ ಅಕ್ಷರ ಬಲ್ಲವರು ಓದಿದ್ದರು, ಮನೆಮಂದಿಯೆಲ್ಲ ಕೇಳಿದ್ದರು. ‘ಆ ಎತ್ತಿನ ರೋಗಕ್ಕೆ ಯಾವ್ ಸೊಪ್ಪು ಅಂತ ಇನ್ನೊಂದ್ ಚೀಲದಲ್ಲಿ ಐತಾ?’ ಅಂತ ಒಬ್ಬ ರೈತ ಕೇಳಿದ. ‘ಬಾಗಲೂರಿಗೆ ಒಂಟ್ಲಲ್ಲ ಆಯಮ್ಮ, ಆಮ್ಯಾಕೇನಾಯ್ತು?’ ಅಂತ ಒಬ್ಬ ಅಜ್ಜಿ ಕೇಳಿದಳು. ಅದನ್ನೇ ತಿಳಿಯಲು ತಾನೂ ಒದ್ದಾಡುತ್ತಿದ್ದೇನೆ ಎಂದು ಮುನಿಕೃಷ್ಣಮ್ಮ ಹೇಗೆ ಹೇಳಿಯಾಳು?

ಹತ್ತು ಚೀಲ ಸಿಕ್ಕವು. ಹನ್ನೊಂದನೆಯದು ಮುನಿಶಾಮಮ್ಮ ಎಂಬಾಕೆಯ ಮನೆಗೆ ಹೋಗಿತ್ತು. ‘ಅಯ್ಯೋ, ಬೆಲ್ಲ ಕರಗಿ ಅಂಟ್ಕೊಂಡಿತ್ತು ಕಣೇ, ಇರುವೆ ಮುತ್ತಿತ್ತು. ಒಲೆಗಾಕ್ದೆ’ ಅಂದಳು ಆಕೆ, ಪಾಪ, ಏನೂ ಅರಿಯದೆ.

ಇನ್ನು ಅಂಟು ಬಿಡಿಸುವ ಕೆಲಸ. ನೀರಿಗೆ ಹಾಕಿದರೆ ಅಂಟು ಬಿಡುತ್ತದೆ, ಮಸಿಯೂ ಕದಡಿ ಹೋಗುತ್ತದೆ. ಮುನಿಕೃಷ್ಣಮ್ಮ ಯೋಚಿಸಿ, ಅನ್ನ ಬೇಯುವ ಪಾತ್ರೆಯ ಆವಿಗೆ ಒಂದೊಂದೇ ಚೀಲವನ್ನು ಹಿಡಿದು, ಅಂಟು ಮೆತ್ತಗಾದ ಕ್ಷಣ ಉಗುರಿನ ತುದಿಯಿಂದ ಎಬ್ಬಿಸಿದಳು. ಕೈ ಬೊಬ್ಬೆ ಎದ್ದಿತು. ಎರಡು ಹೊತ್ತಿನ ಅನ್ನ ಮುದ್ದೆಗಟ್ಟಿತು. ಚಿಕ್ಕಮಾರಯ್ಯ ತಟ್ಟೆ ನೋಡಿ, ‘ಬೆಂದಿರೋದು ಅಕ್ಕಿಯೋ ಪೇಪರ್ರೋ?’ ಅಂದ. ಅಂದವನೇ, ಅವಳ ಕಣ್ಣು ತುಂಬಿದ್ದು ಕಂಡು, ಪಕ್ಕದಲ್ಲಿ ಕೂತು ಬಿಡಿಸಿದ ಹಾಳೆಗಳನ್ನು ಒಂದೊಂದಾಗಿ ಚಾಪೆಯ ಕೆಳಗೆ ಒತ್ತಿಡತೊಡಗಿದ. ಅಕ್ಷರ ಬಾರದ ಅವನು ತಲೆಕೆಳಗಾಗಿಡದೆ ಇಟ್ಟದ್ದು ಹೇಗೆ ಅಂತ ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಎಲ್ಲ ಜೋಡಿಸಿದಾಗ ಮೂವತ್ತೆರಡು ಹಾಳೆಯಲ್ಲಿ ಮೂವತ್ತೊಂದು ಬಂದವು. ಸುಟ್ಟುಹೋದದ್ದು ನರಸಯ್ಯನ ಕಥೆಯ ಕೊನೆಯ ಹಾಳೆಯೇ. ಹಣೆಬರಹ ಅಂದರೆ ಇದು ನೋಡಿ!

ಹೊಸ ದಾರ ಹಾಕಿ ಹೊಲಿದು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು, ಅಕ್ಬರಿಯನ್ನು ಜೊತೆಗೆ ಕರೆದುಕೊಂಡು ಹೆಬ್ಬಾಳಕ್ಕೆ ಬಸ್ಸು ಹತ್ತಿದಳು. ಫಾರಂ ಆಫೀಸಿನ ಹೊರಗೆ ಚನ್ನಕೇಶವ ಸಿಕ್ಕಿದ. ಕಡ್ಡಿಯಂಥ ಮನುಷ್ಯ, ಅಂಗಿಯ ಜೇಬಿನಲ್ಲಿ ಮಸಿಯ ಕಲೆ. ಗಂಟು ಬಿಚ್ಚಿದ ತಕ್ಷಣ ಅವನ ಮುಖ ಅರಳಿತು.

‘ಅಮ್ಮಾ, ಇದರ ಆಸೆನೇ ಬಿಟ್ಬಿಟ್ಟಿದ್ದೆ! ಐದ್ ತಿಂಗಳಾಯ್ತು. ನಾಲ್ಕ್ ಮನೆ ಸುತ್ತಿ ಐದನೇ ಮನೇಲಿ ಕಾಣೆಯಾಯ್ತು. ಕೇಳಿದ್ರೆ, ಕೊಟ್ವಲ್ರೀ ಅಂತಾರೆ.’

‘ಹಬ್ಬಕ್ಕೆ ಮನೆ ಗುಡ್ಸೋವಾಗ ರದ್ದಿಗೆ ಹಾಕಿರ್ತಾರೆ ಸ್ವಾಮಿ, ನಮ್ ಗಾಡಿಗೇ ಬಂದಿತ್ತು’ ಎಂದಳು ಅಕ್ಬರಿ.

ಮುನಿಕೃಷ್ಣಮ್ಮ ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಚೀಲ, ಬೆಲ್ಲ, ಒಲೆ. ‘ಆ ಕಥೆಯ ಕೊನೆ ನನ್ ಕೈಯಾಗೇ ಓಯ್ತು ಸ್ವಾಮಿ. ನೀವ್ ಓದಿರ್ತೀರಲ್ಲ, ಒಂದ್ ಮಾತ್ನಲ್ಲಿ ಯೋಳಿ, ಬರ್ದು ಸೇರ್ಸ್ತೀನಿ.’

‘ನಾನ್ ಓದೇ ಇಲ್ಲಮ್ಮ’ ಎಂದ ಚನ್ನಕೇಶವ. ‘ನಮ್ ಪತ್ರಿಕೆ ನಿಯಮ ಅದು, ಸಂಪಾದಕ ಕಡೇಗೆ ಓದ್ಬೇಕು. ಮೊದ್ಲೇ ಓದಿದ್ರೆ ನನ್ ಕೈ ಸುಮ್ನಿರಲ್ಲ, ತಿದ್ದೋಕೆ ಹೋಗ್ತೀನಿ. ತಿದ್ದಿದ್ರೆ ಗ್ಯಾಂಗ್‌ಮನ್ನು, ಮಾಲಿ, ಸೂಲಗಿತ್ತಿ ಇವ್ರೆಲ್ಲ ಇನ್ನೊಂದ್ ಸಲ ಬರೀತಾರಾ? ಅವ್ರು ಬರೆದು ತಂದ್ ಕೊಟ್ರೆ, ನಾನು ಹೊಲಿದು ಕಳಿಸೋದು ಅಷ್ಟೆ.’

‘ಅಂಗಾರೆ ನರಸಯ್ಯನೋರ್ನೇ ಕೇಳಾನ.’

ಚನ್ನಕೇಶವ ಪತ್ರಿಕೆಯ ಮೇಲೆ ಕೈಯಿಟ್ಟ. ‘ಅವ್ರು ತೀರ್ಕೊಂಡ್ರಮ್ಮ. ಪತ್ರಿಕೆ ಹೊರಟ ತಿಂಗಳಲ್ಲೇ, ಜ್ವರ ಬಂದು. ಜೀವಮಾನದಲ್ಲಿ ಅವ್ರು ಬರ್ದಿದ್ದು ಇದೊಂದೇ ಕಥೆ.’

ಆಮೇಲೆ ಹೇಳಿದ ಮಾತು ಇನ್ನೂ ಕಷ್ಟದ್ದು. ನರಸಯ್ಯ ಬರೆಯುವಾಗ ಗ್ಯಾಂಗಿನವರ ಹತ್ತಿರ, ‘ನನ್ನೆಂಡ್ತಿ ಸಿಟ್ಟಿನ ಮ್ಯಾಲೆ ಒಂದ್ ಕಥೆ ಬರ್ದಿದೀನಿ ಕಣ್ರೋ’ ಎಂದು ಹೇಳಿಕೊಂಡು ನಕ್ಕಿದ್ದನಂತೆ. ಅವನು ಹೋದ ಮೇಲೆ ಸಿಂಗಾಪುರದಲ್ಲಿ ಬಾಯಿ ಬಡುಕರು ಅವನ ಹೆಂಡತಿ ಅಕ್ಕಯ್ಯಮ್ಮನಿಗೆ, ನಿನ್ನ ಗಂಡ ಸಾಯೋ ಮುಂಚೆ ನಿನ್ನ ಗಯ್ಯಾಳಿ ಅಂತ ಪುಸ್ತಕದಲ್ಲಿ ಬರೆದಿಟ್ಟು ಹೋದ ಎಂದು ಚುಚ್ಚುತ್ತಿದ್ದರಂತೆ. ಆಕೆಗೆ ಓದು ಬಾರದು. ಸಂತೆಗೆ ಬಂದಾಗಲೆಲ್ಲ ಚನ್ನಕೇಶವನನ್ನು ಹುಡುಕಿ, ಪುಸ್ತಕ ಬಂತಾ, ಓದಿ ಹೇಳಪ್ಪಾ, ಅವರು ನನ್ನ ಏನಂತ ಬರೆದಿದ್ದಾರೆ ಅಂತ ಕೇಳುತ್ತಿದ್ದಳಂತೆ.

‘ಈಗ ಕೊನೆನೇ ಇಲ್ಲ ಅಂತ ಯಾವ್ ಬಾಯಲ್ಲಿ ಹೇಳ್ಲಿ? ಒಂದ್ ವಾರ ತಾಳಿ, ನಾಲ್ಕೂ ಮನೆ ವಿಚಾರಿಸ್ತೀನಿ’ ಎಂದ ಅವನು.

‘ವಾರಗಟ್ಲೆ ತಾಳಾಕಾಗಕ್ಕಿಲ್ಲ ಸ್ವಾಮಿ’ ಅಂದಳು ಮುನಿಕೃಷ್ಣಮ್ಮ. ‘ಹರ್ದೋಳು ನಾನು. ನಾನೇ ಓಗಿ ಯೋಳ್ತೀನಿ.’

ಚನ್ನಕೇಶವ ಪತ್ರಿಕೆಯನ್ನು ತೆರೆದೂ ನೋಡದೆ ಅದೇ ಸೀರೆಯ ತುಂಡಿನಲ್ಲಿ ಸುತ್ತಿ ವಾಪಸ್ ಕೊಟ್ಟ. ‘ಮೊದ್ಲು ಅಕ್ಕಯ್ಯಮ್ಮ ಕೇಳ್ಲಿ. ನನ್ ಸರದಿ ಆಮೇಲೆ’ ಎಂದ.

ಮಾರನೇ ದಿನ ಬಿಸಿಲೇರುವ ಮೊದಲೇ ಸಿಂಗಾಪುರಕ್ಕೆ ಹೋದಳು, ಒಬ್ಬಳೇ. ಅಕ್ಕಯ್ಯಮ್ಮ ಹೊಂಗೆ ಮರದ ನೆರಳಲ್ಲಿ ಅವರೆಕಾಳು ಕೇರುತ್ತಿದ್ದಳು. ಐವತ್ತು ದಾಟಿದ ಹೆಂಗಸು, ಗಟ್ಟಿ ಆಳು, ಮಾತಿನಲ್ಲಿ ಖಾರ. ‘ಕಪಿಲೆ’ ಎಂಬ ಹೆಸರು ಕೇಳಿದ್ದೇ ಮೊರ ಕೆಳಗಿಟ್ಟಳು.

‘ಬಂತಾ? ಓದವ್ವ. ಬೈದಿರ್ಲಿ, ಉಗ್ದಿರ್ಲಿ, ಒಂದಕ್ಸರ ಬಿಡ್ಬ್ಯಾಡ.’

ಮುನಿಕೃಷ್ಣಮ್ಮ ಓದಿದಳು. ಹೇಟೆ ಮಾರಿದ್ದು, ಸೆರಗು ಸಿಕ್ಕಿಸಿದ್ದು, ಕೋಗಿಲು, ಕಟ್ಟಿಗೇನಹಳ್ಳಿಯ ಮುಳ್ಳು. ಅಕ್ಕಯ್ಯಮ್ಮ ನಡುನಡುವೆ ‘ಕೆಂಪ್ ಹೇಟೆ ಅದು, ದಿನಾ ಮೊಟ್ಟೆ ಇಡ್ತಿತ್ತು’ ಎಂದೂ, ‘ಮುಳ್ಳೆಲ್ಲಿ ಚುಚ್ಚಿತ್ತು ಈವಪ್ಪಂಗೆ, ಬರೀ ನಾಟ್ಕ’ ಎಂದೂ ಬಾಯಿ ಹಾಕಿದಳು. ಹೆಂಡತಿಯ ಸಿಟ್ಟಿನ ಮೇಲೆ ಸಿಟ್ಟು, ಮುಖ ಗಂಟು, ಹಿಂದಕ್ಕೆ ತಿರುಗಿ ಎಸೆದ ಒಂದು ಹೆಂಟೆ ಮಣ್ಣು, ಎಲ್ಲ ಬಂತು. ಕೇಳುತ್ತಾ ಕೇಳುತ್ತಾ ಅವಳ ಮುಖ ಸಣ್ಣದಾಯಿತು. ‘ಯಾರೇ ಅದು ನಿನ್ನಿಂದೆ?’ ಎಂಬಲ್ಲಿಗೆ ಮುನಿಕೃಷ್ಣಮ್ಮ ನಿಲ್ಲಿಸಿದಳು.

‘ಮುಂದೆ?’

‘ಮುಂದಿನ್ ಹಾಳೆ ಇಲ್ಲ ಕಣವ್ವ. ಚೀಲ ಮಾಡ್ಬುಟ್ಟೆ. ಒಲೆಗೋಯ್ತು. ತಪ್ಪಾಯ್ತು.’ ಬೈಯಲಿ, ಹೊಡೆಯಲಿ, ಎದುರಾಡಬಾರದು ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದಳು.

ಅಕ್ಕಯ್ಯಮ್ಮ ಬೈಯಲಿಲ್ಲ. ‘ಅಂಗಾರೆ ಊರ್ನೋರು ಅಂದಿದ್ದೇ ನಿಜ ಆಯ್ತು’ ಅಂದಳು. ‘ಬರೀ ಸಿಟ್ಟೇ ಕಂಡಿತ್ತಾ ಅವ್ರ ಕಣ್ಣಿಗೆ? ಅವತ್ತು ಆಗಿದ್ದೇನು ಗೊತ್ತಾ? ಯಾರೇ ಅದು ಅಂದ್ಲು ನಮ್ಮವ್ವ. ಯಾರೋ ದಾರಿಹೋಕ್ರು ಕಣವ್ವ, ಬಾಯಾರೈತೇನೋ, ನೀರ್ ಕೊಡಾನ ಅಂದೆ. ನಾನೇ ಚೊಂಬ್ ತಂದು ಕೊಟ್ಟೆ. ಈವಪ್ಪ ಗಟಗಟ ಕುಡ್ದು, ತಾಯಿ, ಈ ಮನೇಲಿ ಕೋಳಿ ಮಾರ್ತೀರಾ, ಯಲಂಕ ಸಂತೇಲಿ ಒಂದ್ ಕಳ್ಕೊಂಡಿದೀನಿ ಅಂದ. ತಡ್ಯಾಕಾಗ್ಲಿಲ್ಲ, ನಕ್ಬುಟ್ಟೆ. ನಕ್ಕ ಮ್ಯಾಲೆ ಇನ್ನೆಲ್ಲಿ ಸಿಟ್ಟು?’ ಸೆರಗಿನಿಂದ ಮೂಗು ಒರೆಸಿಕೊಂಡಳು. ‘ನಾನ್ ನಕ್ಕಿದ್ನ ಬರ್ದಿದ್ರಾ ಇಲ್ವಾ, ಅದೊಂದ್ ಯೋಳವ್ವ ಸಾಕು.’

ಬರೆದಿದ್ದರು ಅಂತ ಒಂದು ಮಾತು ಅಂದುಬಿಟ್ಟರೆ ಆಗಿತ್ತು. ಯಾರು ಹಿಡಿಯುತ್ತಿದ್ದರು? ಒಂದು ಸುಳ್ಳಿಗೆ ಒಂದು ಜೀವ ತಣ್ಣಗಾಗುತ್ತಿತ್ತು. ಮಾತು ಮುನಿಕೃಷ್ಣಮ್ಮನ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಮೂರು ದಿನ ಮನೆ ಮನೆ ತಿರುಗಿ, ಒಂದೊಂದು ಅಕ್ಷರಕ್ಕೂ ಆವಿಗೆ ಕೈ ಕೊಟ್ಟವಳಿಗೆ, ಇಲ್ಲದ ಅಕ್ಷರವನ್ನು ಇದೆ ಅನ್ನಲು ಬಾಯಿ ಬರಲಿಲ್ಲ.

‘ನಂಗೊತ್ತಿಲ್ಲ ಕಣವ್ವ’ ಎಂದಳು.

ಅಕ್ಕಯ್ಯಮ್ಮ ಕೈ ಚಾಚಿ ಹಾಳೆಗಳನ್ನು ತಾನೇ ಮಗುಚಿ ನೋಡಿದಳು. ‘ಆ ಕೊನೆ ಆಳೇಲಿ ಇನ್ನೂ ಏನೋ ಬರ್ದಂಗೈತಲ್ಲ. ಅದ್ನೂ ಓದ್ಬುಡು. ಬಂದಿದ್ದು ಬರ್ಲಿ’ ಅಂದಳು.

ಅದು ಓದುಗರು ಅಭಿಪ್ರಾಯ ಬರೆದಿದ್ದ ಹಿಂಬದಿ. ಬೇರೆಯವರ ಕಾಗದ ಓದಿದಂತಾದೀತು ಅಂತ ಸಂಕೋಚಪಟ್ಟು ಮುನಿಕೃಷ್ಣಮ್ಮ ಅದುವರೆಗೆ ಆ ಕಡೆ ತಿರುಗಿಸಿರಲಿಲ್ಲ. ಈಗ ಓದಿದಳು. ಮೊದಲನೆಯವರು ಯಾರೋ ಮೇಷ್ಟರು: ‘ಕಾಗುಣಿತ ನೋಡಿಕೊಳ್ಳಬೇಕು.’ ಎರಡನೆಯವರು: ‘ಎತ್ತಿನ ರೋಗದ ಲೇಖನ ಉಪಯುಕ್ತ. ಇನ್ನೂ ಬರಲಿ.’ ಮೂರನೆಯವರು: ‘ಚಿತ್ರದಲ್ಲಿ ಎತ್ತಿಗೆ ಮೂರೇ ಕಾಲಿವೆ.’ ನಾಲ್ಕನೆಯದು ಸಣ್ಣ ಅಕ್ಷರದ್ದು, ಕೆಳಗೆ ‘ರೆಹಾನಾ, ಸೂಲಗಿತ್ತಿ, ಹೆಬ್ಬಾಳ’ ಅಂತಿತ್ತು.

‘ನರಸಯ್ಯನವರ ಕಥೆ ಓದಿ ನಮ್ಮ ಮನೆಯವರೆಲ್ಲ ನಕ್ಕರು. ನೀರು ಕೊಡುವಾಗ ಆಕೆ ನಕ್ಕಳಲ್ಲ, ಅಲ್ಲಿ ನನಗೆ ಅಳುವೂ ಬಂತು. ಕಡೆಯ ಸಾಲನ್ನು ನಾನು ಬಾಯಿಪಾಠ ಮಾಡಿದ್ದೇನೆ. “ಆ ನಗು ಮುಂದೆ ಇದೆ ಅಂತ ಗೊತ್ತಿದ್ದರೆ ಬಾಗಲೂರಿಗಲ್ಲ, ಕಾಶಿಗೂ ಅವಳ ಹಿಂದೆ ನಡೆದಿರುತ್ತಿದ್ದೆ.” ಹೀಗೆ ಬರೆದವರಿಗೆ ನನ್ನ ಸಲಾಮು.’

ಅಕ್ಕಯ್ಯಮ್ಮ ತುಟಿ ಬಿಗಿಹಿಡಿದು ನೆಲ ನೋಡುತ್ತಿದ್ದಳು. ‘ಇನ್ನೊಂದ್ಸಲ ಓದು’ ಎಂದಳು. ಓದಿದಳು. ‘ಇನ್ನೊಂದ್ಸಲ.’ ಮೂರನೇ ಸಲ ಮುಗಿಯುವ ಹೊತ್ತಿಗೆ ಇಬ್ಬರೂ ಅಳುತ್ತಿದ್ದರು, ಅಕ್ಕಯ್ಯಮ್ಮ ಅಳುತ್ತಲೇ ನಗುತ್ತಿದ್ದಳು. ‘ಕಾಶಿಗಂತೆ ಕಾಶಿಗೆ! ಯಲಂಕ ಟೇಸನ್ಗೆ ನಡೆಯಾಕೇ ಮಂಡಿ ನೋವು ಅಂತಿದ್ದ ಗಂಡ್ಸು!’

ಕಣ್ಣೊರೆಸಿಕೊಂಡು ಹಾಳೆಯ ಹತ್ತಿರ ಬಗ್ಗಿದಳು. ‘ಓದ್ದೋರೆಲ್ಲ ಬರ್ದವ್ರಲ್ಲ, ಇಲ್ಲಿನ್ನೂ ಜಾಗ ಐತಾ?’

‘ಐತೆ ಕಣವ್ವ.’

‘ಅಂಗಾರೆ ನಂದೂ ಬರಿ.’

ಮುನಿಕೃಷ್ಣಮ್ಮ ಚೀಲದ ಲೆಕ್ಕಕ್ಕೆ ಗೀಟು ಹಾಕಲು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದ ಪೆನ್ಸಿಲ್ಲು ತೆಗೆದಳು. ನಾಲ್ಕನೇ ಕ್ಲಾಸು ಬಿಟ್ಟ ಮೇಲೆ ಅವಳು ಒಂದು ಸಾಲು ಬರೆಯುತ್ತಿದ್ದದ್ದು ಅದೇ ಮೊದಲು. ರೆಹಾನಾಳ ಕೆಳಗೆ, ದೊಡ್ಡ ದೊಡ್ಡ ಸೊಟ್ಟ ಅಕ್ಷರದಲ್ಲಿ, ಅಕ್ಕಯ್ಯಮ್ಮ ಹೇಳಿದ್ದನ್ನು ಹೇಳಿದ ಹಾಗೇ, ಒಂದಕ್ಷರ ತಿದ್ದದೆ ಬರೆದಳು:

‘ಕತೆ ಚೆನ್ನಾಗೈತೆ. ಕಾಶಿಗೆ ನಾನೂ ನಡೀತಿದ್ದೆ. ಬಾ ಅಂತ ಒಂದ್ ಮಾತು ಕರೀಬೇಕಿತ್ತು. ಅಕ್ಕಯ್ಯಮ್ಮ, ಸಿಂಗಾಪುರ.’